ಟ್ರೈಕೋಡರ್ಮ ಹತ್ತುತ್ತಿಲ್ಲ: ಕುಂಡದಲ್ಲಿ ಕಾರ್ಬೆಂಡಜಿಮ್ ಇನ್ನೂ ಇದೆಯಾ?

ತಾರಸಿ_ಪುಣೆ:
ನಮಸ್ಕಾರ. ಸಿಂಹಗಡ ರಸ್ತೆ ಕಡೆ ನಮ್ಮ ಮನೆ. ತಾರಸಿ ಮೇಲೆ ಇಪ್ಪತ್ತು ಕುಂಡ ಇವೆ. ಮೆಣಸಿನ ಸಸಿಗಳ ಬುಡ ಕೊಳೆತು ಒಂದೊಂದೇ ಮಲಗಿದವು. ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ ಪುಡಿ) ಕಲಸಿ ಬುಡಕ್ಕೆ ಸುರಿದೆ, ವಾರ ಬಿಟ್ಟು ಇನ್ನೊಮ್ಮೆ. ಹತ್ತು ದಿನದ ಮೇಲೆ ಗೊಬ್ಬರದಲ್ಲಿ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿ ಹಾಕಿದೆ. ಎರಡು ವಾರ ಆಯಿತು, ಅದು ಹತ್ತಿದರೆ ಬರುವ ಹಸಿರು ಬೂಷ್ಟು ಕಾಣಲೇ ಇಲ್ಲ. ಕುಂಡದಲ್ಲಿ ಅರ್ಧ ಎರೆಮಣ್ಣು, ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ದಿನಾ ನೀರು ಹಾಕುತ್ತೇನೆ, ಔಷಧಿ ಇಷ್ಟೊತ್ತಿಗೆ ತೊಳೆದು ಹೋಗಿರಬೇಕಲ್ವಾ? ಅದೇ ಕುಂಡಗಳಿಗೆ ಮೆಂತೆ ಹಾಕುವ ಯೋಚನೆ ಇದೆ.

ಫೋಂಡಾ_ತೋಟ:
ಸರ್, ಒಂದು ಪ್ರಶ್ನೆ. ಔಷಧಿ ಸುರಿದ ಮೇಲೆ ಕ್ಯಾನಿನ ತಳದಲ್ಲಿ ಏನಾದರೂ ಉಳಿದಿತ್ತಾ?

ತಾರಸಿ_ಪುಣೆ:
ಹೌದು, ಅಕ್ಕಿಹಿಟ್ಟು ಕದಡಿದ ಹಾಗೆ ಬಿಳೀ ಗಸಿ. ಕೆಳಗಿನ ತಟ್ಟೆಗೆ ಇಳಿದ ನೀರೂ ಸ್ವಲ್ಪ ಬೆಳ್ಳಗಿತ್ತು. ಸುಮ್ನೆ ಚೆಲ್ಲುವುದೇಕೆ ಅಂತ ತುಳಸಿಗೆ ಹಾಕಿದೆ.

ಫೋಂಡಾ_ತೋಟ:
ಆ ಗಸಿಯಲ್ಲೇ ಉತ್ತರ ಇದೆ. ಕಾರ್ಬೆಂಡಜಿಮ್ ನೀರಲ್ಲಿ ಕರಗುವುದು ಲೀಟರಿಗೆ ಹತ್ತು ಮಿಲಿಗ್ರಾಂಗಿಂತ ಕಡಿಮೆ. ನೀವು ಹಾಕಿದ್ದು 1 ಗ್ರಾಂ. ಉಳಿದದ್ದೆಲ್ಲ ಸಣ್ಣ ಪುಡಿಯಾಗಿ ತೇಲುತ್ತಿತ್ತು, ಮೇಲಿನ ಮಣ್ಣಲ್ಲೇ ಸಿಕ್ಕಿಕೊಂಡಿದೆ. ಗೊಬ್ಬರದ ಅಂಶ ಅದನ್ನು ಇನ್ನೂ ಹಿಡಿದಿಡುತ್ತದೆ. ನೀರು ಜಾಸ್ತಿ ಹಾಕಿದರೆ ಹೋಗುವುದಿಲ್ಲ. ಅದನ್ನು ಮುರಿಯುವುದು ಮುಖ್ಯವಾಗಿ ಮಣ್ಣಿನ ಸೂಕ್ಷ್ಮಜೀವಿಗಳು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಟ್ರೈಕೋಡರ್ಮಕ್ಕಂತೂ ಇದು ವಿಷವೇ, ಅದೂ ಒಂದು ಶಿಲೀಂಧ್ರ ತಾನೇ.

ಹಾಗಾದರೆ ತಟ್ಟೆಯ ನೀರು ಏಕೆ ಬೆಳ್ಳಗಿತ್ತು? ಎರೆಮಣ್ಣು ಒಣಗಿದಾಗ ಕುಂಡದ ಅಂಚು ಬಿಟ್ಟು ಕುಗ್ಗುತ್ತದೆ. ಬೆರಳು ತೂರುವಷ್ಟು ಸಂದಿ ಬೀಳುತ್ತದೆ, ನೋಡಿರುತ್ತೀರಿ. ಸುರಿದ ನೀರು ಮಣ್ಣಿನೊಳಗೆ ಹೋಗದೆ ಆ ಸಂದಿಯಲ್ಲಿ ಸೀದಾ ಕೆಳಗಿಳಿದಿದೆ, ಪುಡಿಯನ್ನೂ ಎಳೆದುಕೊಂಡು. ಬಿರುಕು ಬಿಟ್ಟ ಹೊಲದಲ್ಲಿ ಮೊದಲ ಮಳೆಗೆ ಆಗುವುದೂ ಇದೇ.

ಎಲ್ಲ ಶಿಲೀಂಧ್ರನಾಶಕವೂ ಹೀಗಲ್ಲ. ಮೆಟಲಾಕ್ಸಿಲ್ ಚೆನ್ನಾಗಿ ಕರಗುತ್ತದೆ, ನೀರಿನ ಜೊತೆ ಕೆಳಗೆ ಓಡುತ್ತದೆ. ಮ್ಯಾಂಕೋಜೆಬ್ ಬೇಗ ಒಡೆಯುತ್ತದೆ, ಆದರೆ ಅದರಿಂದ ಹುಟ್ಟುವ ಇಟಿಯು ಅನ್ನುವ ವಸ್ತು ನೀರಲ್ಲಿ ಸಲೀಸಾಗಿ ಹರಿಯುತ್ತದೆ. ನಮ್ಮ ಅಡಿಕೆ ತೋಟದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಕಥೆ ಬೇರೆಯೇ. ಮೈಲುತುತ್ತದ ತಾಮ್ರ ಮೂಲವಸ್ತು, ಒಡೆಯುವ ಮಾತೇ ಇಲ್ಲ. ಕೊಳೆರೋಗಕ್ಕೆ ಅಂತ ಪ್ರತಿ ಮಳೆಗಾಲ ಹೊಡೆದದ್ದು ಮೇಲ್ಮಣ್ಣಲ್ಲಿ ಸೇರುತ್ತಲೇ ಹೋಗುತ್ತದೆ. ಎರೆಹುಳಕ್ಕೆ ಅದು ಆಗಿಬರುವುದಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಬೇರೆ. ಹುಳಿ ಮಣ್ಣಲ್ಲಿ ತಾಮ್ರದ ಕಾಟ ಇನ್ನೂ ಜೋರು. ಇದನ್ನು ನಾನು ಕಲಿತದ್ದು ತಡವಾಗಿ.

ಡೊಂಬಿವಲಿ_ಬಾಲ್ಕನಿ:
ಅಣ್ಣಾ, ನಾಲ್ಕು ಕಾಳು ಮೆಂತೆ ಹಾಕಿ ನೋಡಲಿ. ಚೆನ್ನಾಗಿ ಮೊಳೆತರೆ ಮಣ್ಣು ಸರಿ ಇದೆ ಅಂತ ಅಲ್ವಾ? ನಾನು ಹಾಗೇ ಮಾಡುವುದು.

ಫೋಂಡಾ_ತೋಟ:
ಕಳೆನಾಶಕ ಆಗಿದ್ದರೆ ಒಪ್ಪುತ್ತಿದ್ದೆ ತಂಗಿ. ಇದು ಶಿಲೀಂಧ್ರನಾಶಕ, ಮೆಂತೆಗೆ ಏನೂ ಅನ್ನಿಸುವುದಿಲ್ಲ. ಬೇರಿನಿಂದ ಹೀರಿ ಎಲೆಗೆ ಏರಿಸಿಕೊಂಡು ಹಸಿರಾಗೇ ನಿಂತಿರುತ್ತದೆ. ತಿನ್ನುವುದು ಆ ಎಲೆಯನ್ನೇ ಅಲ್ವಾ?

ತಾರಸಿ ಸರ್, ಮೇಲಿನ ಮೂರು ಇಂಚು ಮಣ್ಣು ಕೆರೆದು ತೆಗೆಯಿರಿ. ಕೈಗವಸು ಇರಲಿ. ಮೋರಿಗೆ ಬೇಡ, ಗೊಬ್ಬರದ ಡಬ್ಬಿಗೂ ಬೇಡ. ಹೂವಿನ ಗಿಡದ ಕುಂಡಕ್ಕೆ ಹಾಕಿ. ಉಳಿದ ಮಣ್ಣಿಗೆ ಕಾಂಪೋಸ್ಟ್ ಬೆರೆಸಿ ಹದವಾಗಿ ತೇವ ಇಡಿ, ಒಣಗಲೂ ಬಾರದು, ಕೆಸರಾಗಲೂ ಬಾರದು. ಒಣ ಮಣ್ಣಲ್ಲಿ ಜೀವಿಗಳು ಕೆಲಸ ಮಾಡುವುದಿಲ್ಲ. ಈ ಸೀಸನ್ ಸೊಪ್ಪು ಬೇಡ. ತುಳಸಿ ಎಲೆಯನ್ನೂ ಕಷಾಯಕ್ಕೆ ಕೀಳಬೇಡಿ.

ತಾರಸಿ_ಪುಣೆ:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಅದೇ ಪೊಟ್ಟಣದ ಟ್ರೈಕೋಡರ್ಮವನ್ನು ಔಷಧಿ ಹಾಕದ ಕುಂಡಕ್ಕೆ ಹಾಕಿದ್ದೆ, ಆರನೇ ದಿನಕ್ಕೆ ಗೊಬ್ಬರದ ಮೇಲೆ ಹಸಿರು ಬಂತು. ಅಂದರೆ ಪೊಟ್ಟಣದ ದೋಷ ಅಲ್ಲ. ಹಳೇ ಕುಂಡಗಳ ಮೇಲ್ಮಣ್ಣು ಕೆರೆದು ನಂದಬಟ್ಟಲಿಗೆ ಹಾಕಿದ್ದಾಯಿತು. ಸಸಿ ಮಲಗಿದ್ದಕ್ಕೆ ಕಾರಣವೂ ಗೊತ್ತಾಯಿತು: ಎರಡು ಕುಂಡದ ತಳದ ತೂತು ಕಟ್ಟಿಕೊಂಡು ನೀರು ನಿಂತಿತ್ತು. ತುಳಸಿಯಲ್ಲಿ ಎಲೆ ಕೀಳಬೇಡಿ ಅಂತ ಅಮ್ಮನಿಗೆ ಹೇಳಿದ್ದೇನೆ. ಯಾಕೆ ಅಂತ ಇನ್ನೂ ಹೇಳಿಲ್ಲ.