ಘಾಟಿ ಏರುವಾಗ ಮಿತಿ ಮೀರುವ ಟರ್ಬೊ ಬೂಸ್ಟ್: ಹೊರಗಿನಿಂದ ವಾಲ್ವ್ ಹಾಕಿಸಬಹುದೇ?

ಪ್ರಶ್ನೆ

ನಮ್ಮ ಕಾಫಿ ತೋಟ ಕೊಟ್ಟಿಗೆಹಾರದ ಸಮೀಪದಲ್ಲಿದೆ. ಮಂಗಳೂರಿನಿಂದ ಗೊಬ್ಬರ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವುದು ನಮಗೆ ತಪ್ಪದ ಕೆಲಸ. ವಾಹನವು 2.5 ಲೀಟರ್ ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಫೋರ್ ವೀಲ್ ಡ್ರೈವ್ ಪಿಕಪ್. ಇದುವರೆಗೆ 1,60,000 ಕಿ.ಮೀ. ಓಡಿದೆ. ಅದರ ಟರ್ಬೊ, ಅಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ವ್ಯಾಕ್ಯೂಮಿನಿಂದ (ಗಾಳಿ ಹೀರುವ ಎಳೆತದಿಂದ) ನಡೆಯುವ, ಒಳಗಿನ ರೆಕ್ಕೆಗಳು ಹೊರಳುವ ಬಗೆಯದು.

ಕಳೆದ ಮೂರು ತಿಂಗಳಿಂದ ಒಂದೇ ತೊಂದರೆ ಮರುಕಳಿಸುತ್ತಿದೆ. ತಿರುವಿನಲ್ಲಿ ಎರಡನೆಯ ಗೇರಿನಲ್ಲಿ ಎಳೆದು ಮೂರನೆಯದಕ್ಕೆ ಬದಲಿಸಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಬಲ ಕಳೆದುಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹತ್ತುತ್ತದೆ. ಬದಿಗೆ ನಿಲ್ಲಿಸಿ ಕೀಲಿ ತಿರುಗಿಸಿ ಆರಿಸಿ ಮತ್ತೆ ಚಾಲು ಮಾಡಿದರೆ ಸರಿಯಾಗುತ್ತದೆ. ಆದರೆ ಮಂಜು ಕವಿದ ತಿರುವಿನಲ್ಲಿ, ಹಿಂದೆ ಲಾರಿಗಳು ಬರುತ್ತಿರುವಾಗ, ತುಂಬಿದ ಗಾಡಿ ಹೀಗೆ ಸೋತು ನಿಂತರೆ ಆಗುವ ಭಯವನ್ನು ಅನುಭವಿಸಿದವರೇ ಬಲ್ಲರು. ಸ್ಕ್ಯಾನರಿನಲ್ಲಿ ಪಿ0234, ಅಂದರೆ ಅತಿಯಾದ ಬೂಸ್ಟ್ (ಟರ್ಬೊ ಕೂಡಿಸುವ ಗಾಳಿಯ ಒತ್ತಡ) ಎಂಬ ಕೋಡ್ ಬಂದಿದೆ. ನಾನು ಪ್ರತ್ಯೇಕವಾಗಿ ಹಾಕಿಸಿದ ಗೇಜು ಕರಾವಳಿಯಲ್ಲಿ ಹೆಚ್ಚೆಂದರೆ 17 ಪಿ.ಎಸ್.ಐ. ತೋರಿಸುತ್ತದೆ, ಘಾಟಿಯ ತುದಿಯಲ್ಲಿ 18.5; ಬಲ ಕಡಿತವಾಗುವ ಕ್ಷಣಕ್ಕೆ ಮುಂಚೆ ಮುಳ್ಳು 24ರ ತನಕ ಹಾರುತ್ತದೆ.

ಗ್ಯಾರೇಜಿನವರು ಬೂಸ್ಟನ್ನು 17ಕ್ಕೆ ತಡೆಯುವ ಸ್ಪ್ರಿಂಗ್ ವಾಲ್ವ್ ಒಂದನ್ನು ಹೊರಗಿನಿಂದ ಹಾಕೋಣ ಎನ್ನುತ್ತಿದ್ದಾರೆ. ಇದು ಸರಿಯಾದ ದಾರಿಯೇ? ಎತ್ತರಕ್ಕೂ ಈ ತೊಂದರೆಗೂ ಸಂಬಂಧವಿದೆಯೇ?

ಉತ್ತರ 1

ಸರ್, ನೀವು ಕೊಟ್ಟಿರುವ ಮೂರು ಅಂಕಿಗಳಲ್ಲಿ 18.5 ಎಂಬುದು ದೋಷವೇ ಅಲ್ಲ. ಮೊದಲು ಅದನ್ನು ಬೇರ್ಪಡಿಸಿ ನೋಡಬೇಕು. ನಿಮ್ಮ ಗೇಜು ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ ತೋರಿಸುತ್ತದೆ. ಎಂಜಿನ್ನಿನ ಕಂಪ್ಯೂಟರ್ ನೋಡುವುದು ಒಟ್ಟು ಒತ್ತಡವನ್ನು. ಕರಾವಳಿಯಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್ ಇರುತ್ತದೆ. ನಿಮ್ಮ ತೋಟದ ಎತ್ತರದಲ್ಲಿ ಅದು 90ರ ಆಸುಪಾಸಿಗೆ ಇಳಿದಿರುತ್ತದೆ. 17 ಪಿ.ಎಸ್.ಐ. ಎಂದರೆ 117 ಕಿಲೋಪಾಸ್ಕಲ್; ಕೆಳಗೆ ಒಟ್ಟು 218 ಆಯಿತು. ಅದೇ 218 ಮೇಲೆಯೂ ಬೇಕೆಂದರೆ ಟರ್ಬೊ 128 ಕಿಲೋಪಾಸ್ಕಲ್ ಕೂಡಿಸಬೇಕು, ಅಂದರೆ ಸರಿಸುಮಾರು 18.5 ಪಿ.ಎಸ್.ಐ. ಕಂಪ್ಯೂಟರ್ ತನ್ನ ಗುರಿಯನ್ನು ಮುಟ್ಟುತ್ತಿದೆ, ಅಷ್ಟೇ. ಆದರೆ ಈ ಕೆಲಸಕ್ಕೆ ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಅಥವಾ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪ್ ಸೀಳಿದ್ದರೆ ಆ ಹೊರೆ ಇನ್ನೂ ಹೆಚ್ಚುತ್ತದೆ ಎಂಬುದನ್ನು ಗುಡ್ಡದ ಮೇಲಿನವರು ಮರೆಯಬಾರದು.

ನಿಜವಾದ ದೋಷವಿರುವುದು 24ರಲ್ಲಿ. ನಿಮ್ಮ ಬಗೆಯ ಟರ್ಬೊದಲ್ಲಿ ವ್ಯಾಕ್ಯೂಮ್ ಬಂದಾಗ ರೆಕ್ಕೆಗಳನ್ನು ಹೊರಳಿಸುವ ಆಕ್ಚುಯೇಟರಿನ ಸರಳು ಎಳೆಯಲ್ಪಟ್ಟು ರೆಕ್ಕೆಗಳ ನಡುವಿನ ದಾರಿ ಕಿರಿದಾಗುತ್ತದೆ, ಹೊಗೆ ವೇಗವಾಗಿ ಚಕ್ರಕ್ಕೆ ಬಡಿದು ಬೂಸ್ಟ್ ಏರುತ್ತದೆ. ವ್ಯಾಕ್ಯೂಮ್ ಬಿಟ್ಟಾಗ ಸ್ಪ್ರಿಂಗ್ ಸರಳನ್ನು ಹಿಂದಕ್ಕೆ ತಳ್ಳಿ ದಾರಿಯನ್ನು ಅಗಲಿಸುತ್ತದೆ. ಎಷ್ಟು ವ್ಯಾಕ್ಯೂಮ್ ಹೋಗಬೇಕೆಂದು ನಿರ್ಧರಿಸುವುದು ಕಂಪ್ಯೂಟರ್ ವಿದ್ಯುತ್ತಿನಿಂದ ನಡೆಸುವ ಸೊಲೆನಾಯ್ಡ್ ವಾಲ್ವ್. ಬೂಸ್ಟ್ ಜಿಗಿಯುತ್ತಿದೆ ಎಂದರೆ ರೆಕ್ಕೆಗಳು ಸಮಯಕ್ಕೆ ತೆರೆಯುತ್ತಿಲ್ಲ ಎಂದರ್ಥ: ಒಂದೋ ಮಸಿ ಕಟ್ಟಿ ರೆಕ್ಕೆಗಳೇ ಸಿಕ್ಕಿಕೊಳ್ಳುತ್ತಿವೆ, ಇಲ್ಲವೇ ವ್ಯಾಕ್ಯೂಮ್ ಬೇಗ ಇಳಿಯುತ್ತಿಲ್ಲ.

ವಾಲ್ವ್ ಹಾಕಿಸುವ ಮುನ್ನ ಇದನ್ನು ಮಾಡಿ. ಎಂಜಿನ್ ಆರಿಸಿ, ಗೇಜು ಇರುವ ಕೈ ವ್ಯಾಕ್ಯೂಮ್ ಪಂಪನ್ನು ಆಕ್ಚುಯೇಟರಿಗೆ ನೇರವಾಗಿ ಜೋಡಿಸಿ ನಿಧಾನವಾಗಿ ಎಳೆಯಿರಿ. ಸರಳು ತಡೆಯಿಲ್ಲದೆ ಜಾರಬೇಕು, ಎಳೆದ ವ್ಯಾಕ್ಯೂಮ್ ಒಂದು ನಿಮಿಷವಾದರೂ ನಿಲ್ಲಬೇಕು, ಬಿಟ್ಟ ಕೂಡಲೇ ಸರಳು ಹಿಂದಕ್ಕೆ ಚಿಮ್ಮಬೇಕು. ತಣ್ಣಗಿರುವಾಗ ಒಮ್ಮೆ, ಘಾಟಿ ಹತ್ತಿ ಬಂದ ಬಿಸಿಯಲ್ಲಿ ಮತ್ತೊಮ್ಮೆ ನೋಡಿ, ಏಕೆಂದರೆ ಮಸಿ ಹಿಡಿದ ರೆಕ್ಕೆಗಳು ಬಿಸಿಯಲ್ಲಿ ಮಾತ್ರ ಹಟ ಹಿಡಿಯುವುದುಂಟು. ಟರ್ಬೊದ ಮೇಲಿರುವ ರೆಕ್ಕೆಗಳ ಮಿತಿಯ ಸ್ಕ್ರೂವನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಬೇಡಿ. ಅದನ್ನು ಕಾರ್ಖಾನೆಯಲ್ಲಿ ಗಾಳಿಯ ಹರಿವನ್ನು ಅಳೆದು ಕೂಡಿಸಿರುತ್ತಾರೆ.

ಉತ್ತರ 2

ನಾನು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದೇನೆ. ಇಲ್ಲಿ 3 ಲೀಟರ್ ಜೆಡ್‌ಡಿ30 ಎಂಜಿನ್ನಿನ ನಿಸಾನ್ ಪ್ಯಾಟ್ರೋಲ್ ಜೀಪುಗಳ ಮಾಲೀಕರಲ್ಲಿ ಬಹಳ ಮಂದಿ ಬೂಸ್ಟನ್ನು ತಾವೇ ಹಿಡಿತಕ್ಕೆ ತಂದುಕೊಂಡಿದ್ದಾರೆ. ಅದಕ್ಕೆ ಅವರು ಬಳಸುವುದು ಎರಡು ವಾಲ್ವ್‌ಗಳನ್ನು. ವ್ಯಾಕ್ಯೂಮ್ ಪೈಪಿನಲ್ಲಿ ಒಂದು ನೀಡಲ್ ವಾಲ್ವ್ ಇರುತ್ತದೆ. ಅದು ವ್ಯಾಕ್ಯೂಮಿನ ಹರಿವನ್ನು ಬಿಗಿಹಿಡಿದು ಬೂಸ್ಟ್ ಒಮ್ಮೆಲೇ ನೆಗೆಯದಂತೆ ನೋಡಿಕೊಳ್ಳುತ್ತದೆ. ಇನ್ನೊಂದು ಡಾಸ್ ವಾಲ್ವ್. ಅದರೊಳಗೆ ಸ್ಪ್ರಿಂಗ್ ಒತ್ತಿ ಹಿಡಿದ ಗುಂಡು ಇದೆ. ನಾವು ಕೂಡಿಸಿದ ಒತ್ತಡವನ್ನು ಬೂಸ್ಟ್ ದಾಟಿದೊಡನೆ ಗುಂಡು ಸರಿದು, ವ್ಯಾಕ್ಯೂಮ್ ಪೈಪಿನೊಳಗೆ ಗಾಳಿ ಬಿಟ್ಟು, ರೆಕ್ಕೆಗಳು ತೆರೆಯುವಂತೆ ಮಾಡುತ್ತದೆ. ಟ್ರೈಲರ್ ಎಳೆದುಕೊಂಡು ನೂರಾರು ಕಿ.ಮೀ. ಹೋಗುವ ನನಗೆ ಇದರಿಂದ ನೆಮ್ಮದಿ ಸಿಕ್ಕಿದೆ. ಆದ್ದರಿಂದ ಗ್ಯಾರೇಜಿನವರ ಮಾತನ್ನು ಪೂರಾ ತಳ್ಳಿಹಾಕಬೇಕಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬೂಸ್ಟ್ ಗೇಜು ಮತ್ತು ಟರ್ಬೊಗೆ ಮೊದಲೇ ಹೊಗೆಯ ಬಿಸಿ ಅಳೆಯುವ ಗೇಜು, ಇವೆರಡೂ ಇಲ್ಲದೆ ಆ ವಾಲ್ವ್‌ಗಳಿಗೆ ಕೈ ಹಾಕಬಾರದು. ಬೂಸ್ಟ್ ಇಳಿಸಿ ಇಂಧನವನ್ನು ಇದ್ದಷ್ಟೇ ಬಿಟ್ಟರೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಬಿಸಿ ಏರುತ್ತದೆ. ದೀರ್ಘ ಏರಿನಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾನು ಗೇರ್ ಇಳಿಸಿ ಕಾಲನ್ನು ಸಡಿಲಿಸುತ್ತೇನೆ.

ಉತ್ತರ 1 ಬರೆದವರಿಂದ ಮತ್ತೆ

ಪರ್ತ್‌ನ ಮಿತ್ರರ ಅನುಭವವನ್ನು ಗೌರವಿಸುತ್ತೇನೆ, ಆದರೆ ಆ ಜೋಡಣೆಯನ್ನು ಈ ಪಿಕಪ್ಪಿಗೆ ತಂದರೆ ಒಂದು ತೊಡಕಿದೆ. ಸ್ಪ್ರಿಂಗ್ ವಾಲ್ವಿಗೂ ಗೇಜಿನಂತೆಯೇ ಸುತ್ತಲಿನ ಗಾಳಿಯೇ ಆಧಾರ. ಮಂಗಳೂರಿನಲ್ಲಿ 17ಕ್ಕೆ ಕೂಡಿಸಿದರೆ ಕೊಟ್ಟಿಗೆಹಾರದಲ್ಲಿಯೂ ಅದು 17ಕ್ಕೇ ತೆರೆದುಕೊಳ್ಳುತ್ತದೆ; ಕಂಪ್ಯೂಟರ್ ಅಲ್ಲಿ 18.5 ಬೇಕೆಂದು ಸೊಲೆನಾಯ್ಡಿನ ಮೂಲಕ ಇನ್ನಷ್ಟು ವ್ಯಾಕ್ಯೂಮ್ ಕಳುಹಿಸುತ್ತಲೇ ಇರುತ್ತದೆ. ಇಬ್ಬರು ಯಜಮಾನರ ಆಳಿನ ಪಾಡು ಆಗ ಆಕ್ಚುಯೇಟರಿನದಾಗುತ್ತದೆ. ಕೊರತೆ ಹೆಚ್ಚಾದರೆ ಪಿ0234 ಹೋಗಿ ಪಿ0299, ಅಂದರೆ ಬೂಸ್ಟ್ ಸಾಲದು ಎಂಬ ಕೋಡ್ ಬಂದೀತು. ಸಿಕ್ಕಿಕೊಂಡ ರೆಕ್ಕೆಗಳೇ ಕಾರಣವಾಗಿದ್ದರಂತೂ ಯಾವ ವಾಲ್ವ್ ಹಾಕಿದರೂ ಅವು ತೆರೆಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಭಾನುವಾರ ಕೈಪಂಪಿನಿಂದ ಪರೀಕ್ಷಿಸಿದೆವು. ತಣ್ಣಗಿರುವಾಗಲೂ ಬಿಸಿಯಲ್ಲೂ ಸರಳು ಸಲೀಸಾಗಿ ಚಲಿಸಿತು, ವ್ಯಾಕ್ಯೂಮ್ ನಿಂತಿತು, ಬಿಟ್ಟೊಡನೆ ಸರಳು ಮರಳಿತು. ಆದರೆ ಸೊಲೆನಾಯ್ಡಿನ ಮೂಲಕವೇ ನೋಡಿದಾಗ, ವಿದ್ಯುತ್ ಸಂಪರ್ಕ ತೆಗೆದ ಮೇಲೆಯೂ ಸರಳು ನಾಲ್ಕೈದು ಸೆಕೆಂಡು ಎಳೆದುಕೊಂಡೇ ಇತ್ತು. ಆ ವಾಲ್ವ್ ವ್ಯಾಕ್ಯೂಮನ್ನು ಬಿಡಬೇಕಾದರೆ ಹೊರಗಿನ ಗಾಳಿ ಒಂದು ಪುಟ್ಟ ಫಿಲ್ಟರಿನ ಮೂಲಕ ಒಳಬರಬೇಕು. ಅದನ್ನು ಕಳಚಿದರೆ ತೋಟದ ದಾರಿಯ ಕೆಂಪು ಧೂಳು ಎಣ್ಣೆಯೊಂದಿಗೆ ಸೇರಿ ಜೇಡಿಯಂತೆ ಮೆತ್ತಿಕೊಂಡಿತ್ತು. ಹೊಸ ಫಿಲ್ಟರ್ ಹಾಕಿ, ಗಟ್ಟಿಯಾಗಿದ್ದ ಎರಡು ವ್ಯಾಕ್ಯೂಮ್ ಪೈಪುಗಳನ್ನೂ ಬದಲಿಸಿದೆವು.

ನಿನ್ನೆ ಪೂರ್ಣ ಹೊರೆಯೊಂದಿಗೆ ಘಾಟಿ ಹತ್ತಿದೆ. ಗೇರ್ ಬದಲಿಸುವಾಗ ಮುಳ್ಳು ಒಮ್ಮೆ 20ರವರೆಗೆ ಹೋಗಿ 18.5ಕ್ಕೆ ಇಳಿಯಿತು; ದೀಪ ಹತ್ತಲಿಲ್ಲ. ಆ ಕ್ಷಣದ 20 ಸಹಜವೇ?

ಉತ್ತರ 2 ಬರೆದವರಿಂದ ಮತ್ತೆ

ಕ್ಷಣಮಾತ್ರ ಮೀರಿ ತಾನಾಗಿ ಇಳಿಯುವುದು ಈ ಬಗೆಯ ಟರ್ಬೊಗಳಲ್ಲಿ ಸಹಜ. ಆದರೂ ಸ್ಕ್ಯಾನರಿನಲ್ಲಿ ಕಂಪ್ಯೂಟರ್ ಬಯಸಿದ ಒತ್ತಡ ಮತ್ತು ನಿಜವಾಗಿ ಬಂದ ಒತ್ತಡ, ಈ ಎರಡನ್ನೂ ಒಟ್ಟಿಗೆ ದಾಖಲಿಸಿಕೊಳ್ಳಿ. ಮುಂದೆ ಆ ಅಂತರ ಹಿಗ್ಗತೊಡಗಿದರೆ ರೆಕ್ಕೆಗಳಲ್ಲಿ ಮಸಿ ಕಟ್ಟುತ್ತಿರುವುದು ದೀಪ ಹತ್ತುವ ಮೊದಲೇ ನಿಮಗೆ ತಿಳಿಯುತ್ತದೆ. ಸೊಲೆನಾಯ್ಡನ್ನು ಧೂಳು ಏಳದ ಎತ್ತರದ ಜಾಗಕ್ಕೆ ಸರಿಸಲು ಸಾಧ್ಯವಾದರೆ ಮಳೆಗಾಲ ಮುಗಿಯುವುದರೊಳಗೆ ಸರಿಸಿಬಿಡಿ.