ಐಸ್ ಹಾಕಿ: ಇಬ್ಬರು ಗುದ್ದಾಡುತ್ತಿದ್ದರೆ ರೆಫರಿ ಯಾಕೆ ಸುಮ್ನೆ ನಿಲ್ಲುತ್ತಾರೆ?

ಹೊಸಚಳಿ:

ಕೆನಡಾದ ಎಡ್ಮಂಟನ್‌ಗೆ ಬಂದು ನಾಲ್ಕು ತಿಂಗಳಾಯಿತು. ಮೊನ್ನೆ ಆಫೀಸಿನವರು ಇಲ್ಲಿನ ಐಸ್ ಹಾಕಿ ತಂಡ ಆಯ್ಲರ್ಸ್‌ನ ಮ್ಯಾಚಿಗೆ ಕರೆದುಕೊಂಡು ಹೋಗಿದ್ದರು. ನನಗೆ ಹಾಕಿ ಅಂದರೆ ಕೊಡಗು, ಅರ್ಜುನ್ ಹಾಲಪ್ಪ, ಅಷ್ಟೇ. ಇಲ್ಲಿ ನೋಡಿದರೆ ಇಬ್ಬರು ಕೈಗವಸು ಬಿಸಾಕಿ ಗುದ್ದಾಟಕ್ಕೇ ಇಳಿದರು. ರೆಫರಿಗಳು ನೋಡುತ್ತಾ ನಿಂತಿದ್ದರು! ಗೋಲ್ ಆದಾಗಲೂ ಜನ ಅಷ್ಟು ಕೂಗಿರಲಿಲ್ಲ. ಇಬ್ಬರಿಗೂ ಐದು ನಿಮಿಷ ಶಿಕ್ಷೆ ಅಂತ ಬಂತು, ಆದರೆ ಆಟ ಮತ್ತೆ ಶುರುವಾದಾಗ ಗೋಲಿ ಬಿಟ್ಟು ಎರಡೂ ಕಡೆ ಮೊದಲಿನಂತೆ ಐದೈದು ಜನ ಇದ್ದರು. ಇದೆಂಥ ಶಿಕ್ಷೆ? ಪಕ್ಕದ ಸೀಟಿನ ಅಜ್ಜ ಬೇರೆ, "ಈಗೇನಿದೆ, ನಮ್ಮ ಕಾಲದಲ್ಲಿ ನೋಡಬೇಕಿತ್ತು" ಅಂದರು. ಯಾರಾದರೂ ಬಿಡಿಸಿ ಹೇಳ್ತೀರಾ?

ಬಾಗಿಲು ಭಟ್ಟ:

ಮಿಸಿಸಾಗಾ ಹತ್ತಿರದ ಒಂದು ರಿಂಕ್‌ನಲ್ಲಿ ಶನಿವಾರ ಪೆನಾಲ್ಟಿ ಬಾಕ್ಸಿನ, ಅಂದರೆ ಶಿಕ್ಷೆ ಬಿದ್ದವರು ಕೂರುವ ಕಟ್ಟೆಯ, ಬಾಗಿಲು ತೆರೆದು ಮುಚ್ಚುವ ಕೆಲಸ ನನ್ನದು. ಸಂಬಳ ಇಲ್ಲ, ಕಾಫಿ ಇದೆ. ಮಗ ಆಡುತ್ತಾನೆ, ಅದಕ್ಕೆ ಸಿಕ್ಕಿಹಾಕಿಕೊಂಡೆ.

ಮೊದಲು ನಿಮ್ಮ ಲೆಕ್ಕ. ಎನ್‌ಎಚ್‌ಎಲ್‌ನಲ್ಲಿ, ಅಂದರೆ ಆಯ್ಲರ್ಸ್ ಆಡುವ ಲೀಗ್‌ನಲ್ಲಿ, ಹೊಡೆದಾಟಕ್ಕೆ ಐದು ನಿಮಿಷದ ಶಿಕ್ಷೆ, ಅದಕ್ಕೆ ಮೇಜರ್ ಅನ್ನುತ್ತಾರೆ. ಇಬ್ಬರಿಗೂ ಒಟ್ಟಿಗೆ ಬಿದ್ದರೆ ಅವರ ಜಾಗಕ್ಕೆ ಬೇರೆಯವರು ಇಳಿಯಬಹುದು, ತಂಡಕ್ಕೆ ಆಳು ಕಮ್ಮಿ ಆಗುವುದಿಲ್ಲ. ಜಗಳ ಕೆರಳಿಸಿದವನು ಇವನೇ ಅಂತ ರೆಫರಿಗೆ ಅನ್ನಿಸಿದರೆ ಅವನಿಗೆ ಇನ್ನೂ ಎರಡು ನಿಮಿಷ, ಜೊತೆಗೆ ದುರ್ವರ್ತನೆಗೆ ಅಂತ ಹತ್ತು ನಿಮಿಷದ ಮಿಸ್‌ಕಂಡಕ್ಟ್. ಆಗ ತಂಡಕ್ಕೆ ಬಿಸಿ ತಾಗುತ್ತದೆ. ಮೂರನೆಯವನು ನಡುವೆ ನುಗ್ಗಿದರೆ ಅವತ್ತಿಗೆ ಅವನ ಆಟ ಮುಗಿಯಿತು.

ಬಿಡಿಸುವುದು ರೆಫರಿಗಳ ಜೊತೆಗಿರುವ ಲೈನ್ಸ್‌ಮನ್‌ಗಳ ಕೆಲಸ. ಕಾಲಿಗೆ ಬ್ಲೇಡ್ ಕಟ್ಟಿಕೊಂಡ ಇಬ್ಬರು ದಾಂಡಿಗರ ಮಧ್ಯೆ ಬೇಗ ಹೋದರೆ ಏಟು ಅವರಿಗೇ. ಒಬ್ಬನ ಕೈ ಹಿಡಿದರೆ ಇನ್ನೊಬ್ಬನಿಗೆ ಬಿಟ್ಟಿ ಗುದ್ದು. ಅದಕ್ಕೇ ಸುಸ್ತಾಗಲಿ, ಇಲ್ಲ ಒಬ್ಬ ಬೀಳಲಿ ಅಂತ ಕಾಯುತ್ತಾರೆ. ಮುಂದಿನ ಸಲ ಗುದ್ದುವ ಕೈ ಬಿಟ್ಟು ಇನ್ನೊಂದು ಕೈ ನೋಡಿ. ಐಸ್ ಮೇಲೆ ಸುಮ್ನೆ ಗುದ್ದಿದರೆ ನಾವೇ ಹಿಂದಕ್ಕೆ ಜಾರುತ್ತೇವೆ. ಹಾಗಾಗಿ ಎದುರಿನವನ ಜರ್ಸಿಯನ್ನು ಭುಜದ ಹತ್ತಿರ ಮುಷ್ಟಿ ತುಂಬ ಹಿಡಿದುಕೊಂಡೇ ಗುದ್ದಬೇಕು. ಹಿಡಿತ ಸಿಕ್ಕವನು ಅರ್ಧ ಗೆದ್ದ. ಜರ್ಸಿ ಎಳೆದು ತಲೆ ಮುಚ್ಚಿಬಿಡಬಾರದು ಅಂತ ಅದರ ಒಳಗೆ ಚಡ್ಡಿಗೆ ಸಿಕ್ಕಿಸುವ ಒಂದು ಪಟ್ಟಿಯೇ ಇರುತ್ತದೆ.

ಅಜ್ಜ ಹೇಳಿದ್ದು ನಿಜ, ಅದು ನಿಮ್ಮೂರಿನದೇ ಕಥೆ. ಐಸ್ ಹಾಕಿಯ ದೊಡ್ಡ ಸ್ಟಾರ್ ವೇಯ್ನ್ ಗ್ರೆಟ್ಸ್ಕಿ ಆಯ್ಲರ್ಸ್‌ನಲ್ಲಿದ್ದಾಗ ಅವನ ಮೈಮೇಲೆ ಯಾರಾದರೂ ಬಿದ್ದರೆ ಅದೇ ತಂಡದ ಡೇವ್ ಸೆಮೆಂಕೊ ಬಂದು 'ವಿಚಾರಿಸಿಕೊಳ್ಳುತ್ತಿದ್ದ'. 1988ರಲ್ಲಿ ಗ್ರೆಟ್ಸ್ಕಿಯನ್ನು ಲಾಸ್ ಏಂಜಲೀಸ್‌ಗೆ ಕೊಟ್ಟಾಗ ಮಾರ್ಟಿ ಮೆಕ್‌ಸೋರ್ಲಿ ಅನ್ನುವ ಇನ್ನೊಬ್ಬ ಗಟ್ಟಿಗನೂ ಅದೇ ವ್ಯವಹಾರದಲ್ಲಿ ಜೊತೆಗೆ ಹೋದ. ಇಂಥವರಿಗೆ ಎನ್‌ಫೋರ್ಸರ್ ಅನ್ನುತ್ತಾರೆ. ಅವರಿಗಿಂತ ಮೊದಲು ಫಿಲಡೆಲ್ಫಿಯಾ ಫ್ಲೈಯರ್ಸ್ ಹೊಡೆದಾಡಿಕೊಂಡೇ 1974, 1975ರಲ್ಲಿ ಎರಡು ಸಲ ಲೀಗ್‌ನ ಸ್ಟಾನ್ಲಿ ಕಪ್ ಗೆದ್ದರು. ಅವರ ಡೇವ್ ಶುಲ್ಟ್ಸ್‌ಗೆ 1974-75ರ ಒಂದೇ ಸೀಸನ್‌ನಲ್ಲಿ 472 ನಿಮಿಷ ಪೆನಾಲ್ಟಿ. ಅಂದರೆ ಸುಮಾರು ಎಂಟು ಪೂರ್ತಿ ಮ್ಯಾಚು! ಆ ಬಾಗಿಲು ಕಾಯುವವನ ಕಷ್ಟ ನನಗೆ ಗೊತ್ತು.

ಕಾಫಿತೋಟ:

ಭಟ್ರೇ, ಇದೆಲ್ಲ ಟಿಕೆಟ್ ಮಾರುವ ನಾಟಕ. ಒಲಿಂಪಿಕ್ಸ್‌ನಲ್ಲಿ ಗುದ್ದಾಡಿದರೆ ಮ್ಯಾಚಿನಿಂದ ಹೊರಗೆ ಹಾಕುತ್ತಾರೆ. ಅಲ್ಲಿ ಆಟ ಸಪ್ಪೆ ಆಗಿದೆಯಾ? ನಮ್ಮ ಕೊಡವ ಕೌಟುಂಬಿಕ ಹಾಕಿಯಲ್ಲಿ ಇಡೀ ಮನೆತನದ ಮಾನ ಪಣಕ್ಕಿರುತ್ತದೆ. ಹಾಗಂತ ಕೈ ಎತ್ತಿದರೆ ಕಾರ್ಡ್ ತೋರಿಸದೇ ಬಿಡ್ತಾರಾ?

ಬಾಗಿಲು ಭಟ್ಟ:

ಅರ್ಧ ಒಪ್ಪಿದೆ. ಸ್ಟಾರ್ ಆಟಗಾರನಿಗೆ ಕಾವಲು ಬೇಕು ಅನ್ನುವ ವಾದವನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ. 2008-09ರಲ್ಲಿ ಎನ್‌ಎಚ್‌ಎಲ್‌ನಲ್ಲಿ 700ಕ್ಕಿಂತ ಜಾಸ್ತಿ ಹೊಡೆದಾಟ ಆಗಿದ್ದವು. ಹತ್ತು ವರ್ಷದಲ್ಲಿ 300ರ ಕೆಳಗೆ ಇಳಿದವು. ಆಟದ ವೇಗ ಹೆಚ್ಚಾಯಿತು, ತಂಡದ ಒಟ್ಟು ಸಂಬಳಕ್ಕೂ ಮಿತಿ ಇದೆ. ಸರಿಯಾಗಿ ಸ್ಕೇಟ್ ಮಾಡಲು ಬಾರದವನನ್ನು ಬರೀ ಗುದ್ದಲು ಯಾರು ಸಾಕುತ್ತಾರೆ?

ಗುದ್ದಿದವರ ಗತಿಯೂ ನೋಡಿ. ಡೆರೆಕ್ ಬೂಗಾರ್ಡ್ ಅನ್ನುವ ಎನ್‌ಫೋರ್ಸರ್ ಆರೂವರೆ ಅಡಿ ಆಳು. 277 ಮ್ಯಾಚು, ಮೂರು ಗೋಲು. 2011ರಲ್ಲಿ ನೋವಿನ ಮಾತ್ರೆ, ಮದ್ಯ ಎರಡೂ ಸೇರಿ ತೀರಿಕೊಂಡಾಗ ಬರೀ 28 ವರ್ಷ. ಮೆದುಳು ಪರೀಕ್ಷೆ ಮಾಡಿದರೆ ಸಿಟಿಇ, ಅಂದರೆ ತಲೆಗೆ ಏಟು ಬಿದ್ದೂ ಬಿದ್ದೂ ಬರುವ ಕಾಯಿಲೆ.

ಇಷ್ಟು ಗೊತ್ತಿದ್ದೂ 2025ರ ಫೆಬ್ರವರಿಯಲ್ಲಿ ಮಾಂಟ್ರಿಯಲ್‌ನಲ್ಲಿ ಅಮೆರಿಕ–ಕೆನಡಾ ಆಡಿದಾಗ, ಮೊದಲ ಒಂಬತ್ತು ಸೆಕೆಂಡಿನಲ್ಲಿ ಮೂರು ಹೊಡೆದಾಟ ಆದವಲ್ಲ, ನಾನು ಸೋಫಾದಿಂದ ಎದ್ದು ಕೂಗಿದೆ. ಪಕ್ಕದಲ್ಲಿದ್ದ ಮಗ, "ಅಪ್ಪಾ, ನಾನು ಮಾಡಿದರೂ ಹೀಗೇ ಕೂಗ್ತೀಯಾ?" ಅಂದ. ಅನ್ನಕ್ಕೆ ಇಟ್ಟಿದ್ದೆ ಅಂತ ಅಡುಗೆಮನೆಗೆ ಹೋದೆ. ಅನ್ನ ಆಗಲೇ ಆಗಿತ್ತು.

ಮಕ್ಕಳ ಹಾಕಿಯಲ್ಲಿ ಹೊಡೆದಾಡಿದರೆ ಸೀದಾ ಹೊರಗೆ. ಒಮ್ಮೆ ಒಬ್ಬ ಹುಡುಗ, ಹದಿನಾಲ್ಕು ಇರಬಹುದು, ಯಾರನ್ನೋ ಜೋರಾಗಿ ಗೋಡೆಗೆ ನೂಕಿ ನನ್ನ ಬಾಕ್ಸಿಗೆ ಬಂದ. ಹೊರಗೆ ಹುಲಿ. ಒಳಗೆ ಕೂತ ಮೇಲೆ ಕೈ ನಡುಗಿ ನೀರಿನ ಬಾಟಲಿಯ ಮೂತಿಯನ್ನು ಮುಖದ ಜಾಲರಿಯೊಳಗೆ ತೂರಿಸಲು ಆಗಲಿಲ್ಲ. ನಾನೇ ಹಿಡಿದು ಕುಡಿಸಿದೆ.

ಗಟ್ಟಿತನ ಅಂದರೆ ನನಗೆ ಬಾಸ್ಟನ್ ತಂಡದ ಗ್ರೆಗರಿ ಕ್ಯಾಂಪ್‌ಬೆಲ್. 2013ರ ಪ್ಲೇಆಫ್, ಬಾಸ್ಟನ್–ಪಿಟ್ಸ್‌ಬರ್ಗ್. ಬಾಸ್ಟನ್‌ನವನೊಬ್ಬ ಪೆನಾಲ್ಟಿ ಬಾಕ್ಸಿನಲ್ಲಿದ್ದ, ಆಗಲೇ ಒಬ್ಬ ಕಮ್ಮಿ. ಪಿಟ್ಸ್‌ಬರ್ಗ್‌ನ ಮಾಲ್ಕಿನ್ ಹೊಡೆದ ಪಕ್‌ಗೆ (ಇಲ್ಲಿ ಚೆಂಡಿನ ಬದಲು ಇರುವ ಗಟ್ಟಿ ಬಿಲ್ಲೆ) ಕ್ಯಾಂಪ್‌ಬೆಲ್ ಅಡ್ಡ ಬಿದ್ದ. ಬಲಗಾಲಿನ ಮೂಳೆ ಮುರಿಯಿತು. ಕುಂಟಿಕೊಂಡು ಹೊರಗೆ ಹೋಗುವಷ್ಟು ಹೊತ್ತು ಇನ್ನೊಬ್ಬ ಕಮ್ಮಿ ಆಗ್ತಾನಲ್ಲ, ಎದ್ದು ನಿಂತ. ಸುಮಾರು ಒಂದು ನಿಮಿಷ ಒಂದೇ ಕಾಲಿನ ಮೇಲೆ ಭಾರ ಹಾಕಿ, ಕೋಲು ಚಾಚಿ ಪಾಸ್ ತಡೆಯುತ್ತಿದ್ದ. ಗೋಲು ಬೀಳಲಿಲ್ಲ. ವಿಡಿಯೊ ಸಿಗುತ್ತದೆ, ನೋಡಿ.

ಕಾಫಿತೋಟ:

ನೋಡಿದೆ. ಅಬ್ಬಾ! ಇದಕ್ಕೆ ನನ್ನದೂ ಒಂದು ಸಲಾಂ. ಗುದ್ದಾಟದ ವಿಷಯದಲ್ಲಿ ಮಾತ್ರ ನಾನು ಜಗ್ಗಲ್ಲ.

ಹೊಸಚಳಿ:

ತುಂಬಾ ಥ್ಯಾಂಕ್ಸ್ ಭಟ್ರೇ. ಮುಂದಿನ ವಾರ ಇನ್ನೊಂದು ಟಿಕೆಟ್ ಸಿಕ್ಕಿದೆ, ಜರ್ಸಿ ಹಿಡಿದ ಕೈ ಕಡೆ ಕಣ್ಣಿಟ್ಟಿರುತ್ತೇನೆ. ಅಂದ ಹಾಗೆ, ಮಗನಿಗೆ ಆಮೇಲಾದರೂ ಉತ್ತರ ಹೇಳಿದ್ರಾ?

ಬಾಗಿಲು ಭಟ್ಟ:

ಇನ್ನೂ ಇಲ್ಲ.