ಸಿಟಿ ನಾರ್ಮಲ್ ಬಂದ್ರೂ ಟಿಬಿ ಮೆನಿಂಜೈಟಿಸ್ ಇರಬಹುದಾ? ಎಂಆರ್‌ಐ ಯಾಕೆ?

ಪ್ರಶ್ನೆ:
ನನ್ನ ತಮ್ಮಂಗೆ ಮೂರು ವಾರದಿಂದ ಜ್ವರ, ತಲೆನೋವು, ವಾಂತಿ, ಈಗ ಸ್ವಲ್ಪ ಮಂಕಾಗಿದಾನೆ. ತಲೆಯ ಸಿಟಿ ನಾರ್ಮಲ್ ಬಂತು, ಆದ್ರೆ ಬೆನ್ನಲ್ಲಿ ನೀರು ತೆಗೆದು ಟೆಸ್ಟ್ ಮಾಡಿ ಟಿಬಿ ಮೆನಿಂಜೈಟಿಸ್ (ಮೆದುಳಿನ ಪೊರೆಗೆ ಟಿಬಿ ತಗುಲೋದು) ಅಂತ ಮಾತ್ರೆ ಶುರು ಮಾಡಿದಾರೆ, ಈಗ ಕಾಂಟ್ರಾಸ್ಟ್ (ಸ್ಕ್ಯಾನ್‌ಲಿ ಎದ್ದು ಕಾಣಕ್ಕೆ ಕೊಡೋ ಇಂಜೆಕ್ಷನ್) ಹಾಕಿ ಎಂಆರ್‌ಐ ಬೇಕು ಅಂತಿದಾರೆ. ಸಿಟಿಲಿ ಏನೂ ಇಲ್ಲ ಅಂದ್ಮೇಲೆ ಮತ್ತೆ ಯಾಕೆ? ಸ್ಕ್ಯಾನ್ ನೋಡಿ ಮುಂದೆ ಹುಷಾರಾಗ್ತಾನಾ ಅಂತ ಹೇಳಕ್ಕಾಗತ್ತಾ?

ಉತ್ತರ 1:
ನಾನು ರೇಡಿಯಾಲಜಿಲಿ ಕೆಲಸ ಮಾಡೋದು. ಶುರುವಲ್ಲಿ ಸಿಟಿ ನಾರ್ಮಲ್ ಬರೋದು ಅಪರೂಪ ಏನಲ್ಲ, ಅದನ್ನ ನೋಡಿ ಕಾಯಿಲೆ ಇಲ್ಲ ಅಂದ್ಕೋಬೇಡಿ. ಇದರಲ್ಲಿ ಮೆದುಳಿನ ತಳಭಾಗದಲ್ಲಿ ಅಂಟಂಟಾದ ದ್ರವ ಕಟ್ಕೊಳ್ಳತ್ತೆ, ಕಾಂಟ್ರಾಸ್ಟ್ ಕೊಟ್ಟಾಗ ಅಲ್ಲಿನ ಪೊರೆ ಬೆಳ್ಳಗೆ ಎದ್ದು ಕಾಣತ್ತೆ, ಕೊಡದೇ ಇದ್ರೆ ಎಷ್ಟೋ ಸಲ ತಪ್ಪಿಹೋಗತ್ತೆ. ಅದೇ ಅಂಟು ಮೆದುಳಿನ ನೀರು ಹರಿಯೋ ದಾರಿ ಕಟ್ಟಿದ್ರೆ ಹೈಡ್ರೋಕೆಫಾಲಸ್ (ಮೆದುಳೊಳಗೆ ನೀರು ತುಂಬ್ಕೊಳ್ಳೋದು), ರಕ್ತನಾಳದ ಸುತ್ತ ಕೂತು ಊತ ಬರಿಸಿದ್ರೆ ಸ್ಟ್ರೋಕ್, ಅದೂ ಹೆಚ್ಚಾಗಿ ಮೆದುಳಿನ ಒಳಭಾಗದ ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್ ಕಡೆ. ಹೊಸ ಸ್ಟ್ರೋಕ್ ಎಂಆರ್‌ಐನ ಡಿಫ್ಯೂಷನ್ ಚಿತ್ರದಲ್ಲಿ ಬೇಗ ಸಿಗತ್ತೆ, ಸಿಟಿಲಿ ಅಷ್ಟು ಬೇಗ ಗೊತ್ತಾಗಲ್ಲ. ಆದ್ರೆ ಸ್ಕ್ಯಾನ್ ಒಂದರಿಂದಲೇ ಟಿಬಿ ಅಂತ ತೀರ್ಮಾನ ಮಾಡಲ್ಲ. ಟಿಬಿ ಮೆನಿಂಜೈಟಿಸ್ ಗುರುತಿಸೋಕೆ 2010ರಲ್ಲಿ ತಜ್ಞರು ಮಾಡಿದ ಅಂಕಪಟ್ಟಿಲೂ ಒಟ್ಟು 20ರಲ್ಲಿ ಸ್ಕ್ಯಾನ್‌ಗೆ ಇರೋದು 6, ಉಳಿದಿದ್ದು ರೋಗಲಕ್ಷಣ, ಬೆನ್ನಿನ ನೀರು, ಬೇರೆ ಕಡೆ ಟಿಬಿ ಇದ್ಯಾ ಅನ್ನೋದಕ್ಕೆ.

ಉತ್ತರ 2:
ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ, ನ್ಯೂರಾಲಜಿ ವಾರ್ಡಲ್ಲಿದೀನಿ. ಸ್ಟ್ರೋಕ್ ಇದ್ರೆ ಕೈಕಾಲು ಬಲ, ಮಾತು ಹಿಂದೆ ಉಳಿಯೋ ಸಾಧ್ಯತೆ ಜಾಸ್ತಿ, ನಿಜ. ಹೈಡ್ರೋಕೆಫಾಲಸ್ಸೂ ಚಿಂತೆಯದ್ದೇ, ಆದ್ರೆ ಅದಕ್ಕೆ ಔಷಧಿ ಇದೆ, ಬೇಕಾದ್ರೆ ಶಂಟ್ (ನೀರು ಹೊರಗೆ ಹರಿಸೋ ನಳಿಕೆ) ಇದೆ. ಅದಕ್ಕಿಂತ ಮುಖ್ಯ, ಔಷಧಿ ಶುರುವಾದಾಗ ಪ್ರಜ್ಞೆ ಎಷ್ಟಿತ್ತು ಅನ್ನೋದು. ಹಾಗಾಗಿ ಎಂಆರ್‌ಐ ಆಗ್ಲಿ ಅಂತ ಕಾಯದೆ ಮಾತ್ರೆ ಶುರು ಮಾಡಿದ್ದು ತುಂಬಾ ಒಳ್ಳೇದಾಯ್ತು.

ಇನ್ನೊಂದು, ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದಾಗ ಹೊಸ ಗಡ್ಡೆ (ಟ್ಯೂಬರ್ಕ್ಯುಲೋಮಾ) ಕಂಡ್ರೆ ಅಥವಾ ಇದ್ದಿದ್ದು ದೊಡ್ಡದಾದ್ರೆ ಮನೆಯವರು ಔಷಧಿ ಕೆಲಸ ಮಾಡ್ತಿಲ್ಲ ಅಂತ ನಿಲ್ಲಿಸಿಬಿಡ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಸಾಯ್ತಿರೋ ಟಿಬಿ ಕೀಟಾಣು ವಿರುದ್ಧ ದೇಹ ಜೋರಾಗಿ ಪ್ರತಿಕ್ರಿಯಿಸಿದಾಗಲೂ ಹೀಗಾಗತ್ತೆ, ಡಾಕ್ಟ್ರು ಸ್ಟಿರಾಯ್ಡ್ (ಊತ ಇಳಿಸೋ ಔಷಧಿ) ಹೆಚ್ಚುಕಮ್ಮಿ ಮಾಡಿ ನೋಡ್ತಾರೆ. ಔಷಧಿಗೆ ಬಗ್ಗದ ಟಿಬಿನಾ ಅಂತ ಅವರೇ ಪರೀಕ್ಷೆ ಮಾಡಿಸ್ತಾರೆ. ಆದ್ರೆ ಕಣ್ಣು ಮಂಜಾದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯ್ಬೇಡಿ, ಅವತ್ತೇ ಹೋಗಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ನಾಳೆನೇ ಮಾಡಿಸ್ತೀವಿ. ಹಳೇ ಸಿಟಿ ಫಿಲ್ಮ್ ಬೇಕಾಗತ್ತಾ?

ಉತ್ತರ 1:
ಖಂಡಿತ ತಗೊಂಡೋಗಿ, ಸಿಡಿ ಕೊಟ್ಟಿದ್ರೆ ಅದೂ. ಮೆದುಳೊಳಗಿನ ನೀರು ತುಂಬಿರೋ ಕುಹರಗಳು ಅವತ್ತಿಗಿಂತ ದೊಡ್ಡದಾಗಿದಾವಾ ಅಂತ ಪಕ್ಕದಲ್ಲಿಟ್ಟು ನೋಡಿದ್ರೇನೇ ಗೊತ್ತಾಗೋದು. ಕಿಡ್ನಿ ತೊಂದರೆ ಇದ್ರೆ ಕಾಂಟ್ರಾಸ್ಟ್ ಕೊಡೋ ಮುಂಚೆನೇ ಹೇಳಿ, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ಇದ್ರೆ ಜೊತೇಲಿಟ್ಕೊಳ್ಳಿ.